ಕ್ರೋಶಾ ಆನೆಯ ಹೊಟ್ಟೆಯಿಂದ ಹತ್ತಿ ಇಣುಕುತ್ತಿದ್ದರೆ

ತೋರಣ, ಟೇಬಲ್ ಕ್ಲಾತ್ ಹಾಕಿ ಕೈ ಪಳಗಿದೆ. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಕ್ರೋಶಾ ಆನೆ ಮಾಡಹೊರಟರೆ ಹೊಟ್ಟೆಯ ಸಂದಿಯಲ್ಲೆಲ್ಲ ಹತ್ತಿ ಕಾಣುತ್ತೆ, ಎಲ್ಲಿ ತಪ್ಪಾಗುತ್ತಿದೆ ಅಂತ ಕೇಳಿದ್ದೀರಿ.

ಅಮ್ಮ, ತಪ್ಪು ನಿಮ್ಮ ಕೈಯದಲ್ಲ, ಕಡ್ಡಿಯದು. ತೋರಣ ಸಡಿಲವಾಗಿ ಇಳಿಬಿದ್ದರೇ ಚೆಂದ. ಗೊಂಬೆ ಬಿಗಿಯಾಗಿಲ್ಲದಿದ್ದರೆ ಆಕಾರವೂ ನಿಲ್ಲಲ್ಲ, ಮಗು ಬೆರಳು ತೂರಿಸಿ ಒಳಗಿನ ಹತ್ತಿಯನ್ನು ಬಾಯಿಗೂ ಹಾಕಿಕೊಳ್ಳುತ್ತೆ. 8 ಪ್ಲೈ (ದಾರದ ದಪ್ಪದ ಅಳತೆ) ಕಾಟನ್ ದಾರದ ಲೇಬಲ್ ಮೇಲೆ 3.5 ಅಥವಾ 4 ಮಿ.ಮೀ. ಕಡ್ಡಿ ಅಂತ ಇರುತ್ತಲ್ಲ, ಅದು ಬಟ್ಟೆಗೆ ಹೇಳಿದ ಲೆಕ್ಕ. ಗೊಂಬೆಗೆ 2.5 ತೊಗೊಳ್ಳಿ. ಅದಕ್ಕಿಂತ ತೆಳ್ಳಗಿನ 4 ಪ್ಲೈ ಆದರೆ 2. ಹಾಕಿದ ತುಂಡನ್ನು ಕಿಟಕಿಗೆ ಹಿಡಿದು ಸ್ವಲ್ಪ ಎಳೆದು ನೋಡಿ. ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬಂದರೆ ಇನ್ನೂ ಸಣ್ಣ ಕಡ್ಡಿ ಬೇಕು.

ಇನ್ನೊಂದು ಗೊಂದಲ ಹೆಸರಿನದು. ಬ್ರಿಟಿಷ್ ಪದ್ಧತಿಯ ಪುಸ್ತಕಗಳಲ್ಲಿ ‘ಡಬಲ್ ಕ್ರೋಶಾ’ ಅನ್ನುವುದನ್ನೇ ಅಮೆರಿಕದ ವಿಡಿಯೋಗಳಲ್ಲಿ ‘ಸಿಂಗಲ್’ ಅಂತಾರೆ. ಹೆಸರು ಬಿಡಿ. ಕಡ್ಡಿ ತೂರಿಸಿ, ದಾರ ಎಳೆದು, ಕಡ್ಡಿ ಮೇಲಿನ ಎರಡು ಕುಣಿಕೆಯಿಂದ ಒಂದೇ ಸಲ ಹೊರಗೆ ತೆಗೆಯುವ ಗಿಡ್ಡ ಸ್ಟಿಚ್ ಇದೆಯಲ್ಲ, ಗೊಂಬೆಗೆ ಅದೊಂದೇ ಸಾಕು. ಕಡ್ಡಿ ತೂರಿಸಿದ ಮೇಲೆ ದಾರವನ್ನು ಕಡ್ಡಿಗೆ ಸುತ್ತುವ ಬದಲು, ಕೊಕ್ಕೆಯನ್ನು ದಾರದ ಮೇಲಿಂದ ಇಳಿಸಿ ಹಿಡಿದೆಳೆಯಿರಿ. ಸ್ಟಿಚ್ ಇಂಗ್ಲಿಷಿನ ‘ವಿ’ ಆಕಾರದ ಬದಲು ಗುಣಾಕಾರ ಚಿಹ್ನೆಯಂತೆ ಕೂರುತ್ತೆ, ಬಿಗಿಯೂ ಹೆಚ್ಚು.

ತಲೆಯ ಲೆಕ್ಕ ಹೀಗೆ: ಬಿಗಿಯುವ ಉಂಗುರದಲ್ಲಿ (ದಾರದ ತುದಿ ಎಳೆದರೆ ಬಿಗಿಯಾಗುವ ಕುಣಿಕೆ, ‘ಮ್ಯಾಜಿಕ್ ರಿಂಗ್’) 6 ಸ್ಟಿಚ್, ಆಮೇಲೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ 12, 18, 24, 30, 36. ನಂತರ 6 ಸುತ್ತು 36ರಲ್ಲೇ ನಿಲ್ಲಲಿ. ಆಮೇಲೆ 4 ಸ್ಟಿಚ್ ಹಾಕಿ ಎರಡನ್ನು ಒಂದು ಮಾಡುತ್ತ 30, ಮುಂದೆ 24, 18. ಅಲ್ಲಿಗೆ ಕತ್ತು. ಚಿಕ್ಕ ಮೂಸಂಬಿಯಷ್ಟು ದಪ್ಪ ಬರುತ್ತೆ. ದೇಹಕ್ಕೂ ಇದೇ ಲೆಕ್ಕ, ನಡುವಿನ ಸುತ್ತು ಮಾತ್ರ 10. ಎರಡೂ 18ಕ್ಕೆ ಮುಗಿಯುವುದರಿಂದ ಹೊಲಿಯುವಾಗ ಸ್ಟಿಚ್‌ಗೆ ಸ್ಟಿಚ್ ಕೂಡುತ್ತೆ. ಇಳಿಸುವಾಗ ಎರಡು ಸ್ಟಿಚ್‌ಗಳ ಮುಂದಿನ ಎಳೆಯನ್ನಷ್ಟೇ ಹಿಡಿದು ಸೇರಿಸಿ. ಎರಡೂ ಎಳೆ ಹಿಡಿದರೆ ಅಲ್ಲೊಂದು ತೂತು ಬೀಳುತ್ತೆ. ಸುತ್ತಿನ ಮೊದಲ ಸ್ಟಿಚ್‌ಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಡಿ, ಇಲ್ಲಾಂದ್ರೆ ಎಣಿಕೆ ತಪ್ಪಿ ಒಂದು ಕಡೆ ಉಬ್ಬುತ್ತೆ.

ಉಂಗುರದ ವಿಷಯದಲ್ಲಿ ಅವಸರ ಬೇಡ. ಕಾಟನ್ ಜಾರುವ ದಾರ. ಉಂಗುರದ ದಾರದ ಬಾಲವನ್ನು ಎಳೆದು ಕತ್ತರಿಸಿಬಿಟ್ಟರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಆನೆಯ ನೆತ್ತಿ ಬಾಯಿಬಿಡುತ್ತೆ. 15 ಸೆಂ.ಮೀ. ಬಾಲ ಬಿಟ್ಟು, ಸೂಜಿಗೆ ಪೋಣಿಸಿ, ಉಂಗುರದ ಸುತ್ತ ಒಂದು ಸುತ್ತು ಬಲಕ್ಕೆ, ಇನ್ನೊಂದು ಸುತ್ತು ಎಡಕ್ಕೆ ಹೊಲಿದು, ಗಂಟು ಹಾಕಿ, ಆಮೇಲೆ ಕತ್ತರಿಸಿ.

ತುಂಬುವುದಕ್ಕೆ ದಿಂಬಿನ ಪಾಲಿಯೆಸ್ಟರ್ ಫೈಬರ್ ಒಳ್ಳೆಯದು. ಬೂರುಗದ ಹತ್ತಿ ಒಗೆದರೆ ಉಂಡೆ ಕಟ್ಟುತ್ತೆ. ಅಕ್ಕಿ, ಕಾಳು ಬೇಡವೇ ಬೇಡ, ಹುಳ ಬೀಳುತ್ತೆ. ಒಂದೇ ಮುದ್ದೆಯಾಗಿ ತುರುಕದೆ ಚೂರು ಚೂರೇ ಬಿಡಿಸಿ ಅಂಚಿಗೆ ಮೊದಲು ತುಂಬಿ. ಸ್ಟಿಚ್ ಹಿಗ್ಗಿ ಬಿಳಿ ಕಾಣತೊಡಗಿದರೆ ಅತಿಯಾಯಿತು ಅಂತಲೇ ಅರ್ಥ.

ಕಣ್ಣಿಗೆ ಪ್ಲಾಸ್ಟಿಕ್ ಸೇಫ್ಟಿ ಐಸ್ ತರಬೇಡಿ. ಹೆಸರಿನಲ್ಲಿ ಸೇಫ್ಟಿ ಇದ್ದರೂ ಹೆಣೆದ ಬಟ್ಟೆ ಹಿಗ್ಗಿ ಹಿಂದಿನ ಬಿಲ್ಲೆಯ ಸಮೇತ ಕಳಚಿ ಬರಬಹುದು. ಮೂರು ವರ್ಷ ತುಂಬುವ ತನಕ ಗುಂಡಿ, ಮಣಿ ಯಾವುದೂ ಬೇಡ. ಕಾಲಿಗೆ ಗೆಜ್ಜೆ ಕಟ್ಟುವ ಆಸೆ ಎಲ್ಲ ಅಜ್ಜಿಯರಿಗೂ ಇರುತ್ತೆ, ಈಗ ತಡೆದುಕೊಳ್ಳಿ. ಕಪ್ಪು ದಾರದಲ್ಲಿ ಕಣ್ಣು ಹೊಲಿಯಿರಿ, ಅದೇ ದಾರದಲ್ಲಿ ಕೆನ್ನೆಗೊಂದು ದೃಷ್ಟಿಬೊಟ್ಟೂ ಇಡಿ, ಮುದ್ದಾಗಿರುತ್ತೆ. ಆನೆಯ ಬಾಲ ಎರಡು ಇಂಚು ಸಾಕು; ಉದ್ದದ ದಾರ ಕತ್ತಿಗೆ ಸುತ್ತಿಕೊಳ್ಳುವ ಭಯ.

ಕಿವಿ, ಸೊಂಡಿಲು, ಕಾಲು ಮುಗಿಸುವಾಗ 30 ಸೆಂ.ಮೀ. ದಾರ ಬಿಡಿ. ಗುಂಡುಪಿನ್ನು ಚುಚ್ಚಿ ಜಾಗ ನೋಡಿಕೊಂಡು ಸುತ್ತ ಎರಡು ಸಲ ಹೊಲಿಯಿರಿ. ಎಷ್ಟು ಪಿನ್ನು ಚುಚ್ಚಿದಿರೋ ಅಷ್ಟನ್ನೂ ಎಣಿಸಿ ಹೊರಗೆ ತೆಗೆಯಿರಿ. ಆಮೇಲೆ ಕಿವಿ, ಸೊಂಡಿಲು, ಕಾಲು ಒಂದೊಂದನ್ನೂ ಹಿಡಿದು ಜೋರಾಗಿ ಜಗ್ಗಿ ನೋಡಿ.

ದಾರ ಬೆಂಗಳೂರಿನ ಚಿಕ್ಕಪೇಟೆ, ಮಾಮೂಲುಪೇಟೆ ಕಡೆ ಸಿಗುತ್ತೆ. ಗೇಣುದ್ದದ ಆನೆಗೆ 100 ಗ್ರಾಂ ಸಾಕು. ಎರಡು ಉಂಡೆ ಕೊಂಡರೆ ಲೇಬಲ್‌ನ ಲಾಟ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಹೊಟ್ಟೆ ಒಂದು ಬೂದು, ಕಾಲು ಇನ್ನೊಂದು ಬೂದು. ಜೂಲು ಜೂಲಾದ ಉಲ್ಲನ್ ಬೇಡ, ಎಳೆ ಕಿತ್ತು ಬಾಯಿಗೆ ಹೋಗುತ್ತೆ.

ಕೊಡುವ ಮೊದಲು ಒಮ್ಮೆ ತಣ್ಣೀರಲ್ಲಿ ಕೈಯಲ್ಲೇ ಒಗೆದು, ಟವೆಲಿನಲ್ಲಿ ಸುತ್ತಿ ಒತ್ತಿ, ಮೊರದ ಮೇಲೆ ಆರಿಸಿ. ಕಿವಿ ಹಿಡಿದು ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋಲುತ್ತೆ. ಬೆಂಗಳೂರಿನ ಮಳೆಗಾಲದಲ್ಲಿ ಮೇಲೆ ಒಣಗಿದಂತಿದ್ದರೂ ಒಳಗೆ ತೇವ ಉಳಿದು ಮುಗ್ಗಲು ವಾಸನೆ ಬರುತ್ತೆ, ಫ್ಯಾನ್ ಕೆಳಗೆ ಎರಡು ದಿನ ಬಿಡಿ. ಮಿಕ್ಕ ದಾರವನ್ನು ಲೇಬಲ್ ಸಮೇತ ಎತ್ತಿಡಿ. ಮಗು ಆ ಕಿವಿ ಹಿಡಿದೇ ಮನೆಯೆಲ್ಲ ಎಳೆದಾಡುತ್ತೆ, ಮತ್ತೆ ಹೊಲಿಯಲು ಅದೇ ಬಣ್ಣ ಬೇಕಾಗುತ್ತೆ.