ಕೆಲಸ ಬಿಟ್ಟ ಮೇಲೆ ಅಮ್ಮನ ಇನ್ಶೂರೆನ್ಸ್

ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೀರಿ, ಆಫೀಸಿನ 5 ಲಕ್ಷದ ಹೆಲ್ತ್ ಪಾಲಿಸಿಯಲ್ಲಿ ಶುಗರ್ ಇರುವ ಅಮ್ಮನೂ ನಾಲ್ಕು ವರ್ಷದಿಂದ ಇದ್ದಾರೆ, ಅದನ್ನೇ ಮುಂದುವರಿಸಬಹುದಾ ಅಂತ ಕೇಳಿದ್ದೀರಿ.

ಅದೇ ಪಾಲಿಸಿ ಆಗಲ್ಲ. ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಂತುಹೋಗುತ್ತದೆ. ಆದರೆ ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ನಿಮ್ಮದೇ ಸ್ವಂತ ಪಾಲಿಸಿಗೆ ಬದಲಾಗಬಹುದು, ಇದನ್ನು ಮೈಗ್ರೇಷನ್ ಅಂತಾರೆ. ಲಾಭ ಇರುವುದು ವೇಟಿಂಗ್ ಪೀರಿಯಡ್‌ನಲ್ಲಿ. ಮೊದಲೇ ಇದ್ದ ಕಾಯಿಲೆಗೆ ಹೊಸ ಪಾಲಿಸಿಗಳಲ್ಲಿ 36 ತಿಂಗಳವರೆಗೂ ಕ್ಲೇಮ್ ಕೊಡದೆ ಕಾಯಿಸಬಹುದು. ಅಮ್ಮನ ನಾಲ್ಕು ವರ್ಷ ಲೆಕ್ಕಕ್ಕೆ ಬಂದರೆ ಆ ಕಾಯುವಿಕೆ ಮುಗಿದ ಹಾಗೆ. ಹಾಂ, 5 ಲಕ್ಷಕ್ಕೆ ಮಾತ್ರ. 10 ಲಕ್ಷಕ್ಕೆ ಏರಿಸಿದರೆ ಜಾಸ್ತಿ ಆದ 5 ಲಕ್ಷಕ್ಕೆ ಮೊದಲಿನಿಂದ ಎಣಿಕೆ.

ಎಚ್‌ಆರ್ ಹತ್ತಿರ ಪಾಲಿಸಿ ನಂಬರ್, ಅಮ್ಮನ ಹೆಸರು ಸೇರಿದ ದಿನಾಂಕ ಎರಡನ್ನೂ ಮೇಲ್‌ನಲ್ಲೇ ತಗೊಳ್ಳಿ. ಬಾಯಿಮಾತು ಸಾಲದು. ಇ-ಕಾರ್ಡ್‌ನಲ್ಲಿ ಎದ್ದು ಕಾಣುವುದು ಹೆಚ್ಚಾಗಿ ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಹೆಸರು. ಇನ್ಶೂರೆನ್ಸ್ ಕಂಪನಿ ಹೆಸರು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಅರ್ಜಿ ಹೋಗಬೇಕಾದ್ದು ಆ ಸಣ್ಣಕ್ಷರದವರಿಗೆ. ಬಿಟ್ಟ ಮೇಲೆ ನೋಡೋಣ ಅನ್ನಬೇಡಿ, ಈ ವಾರವೇ ಬರೆಯಿರಿ.

ಅವರು ಒಪ್ಪಲೇಬೇಕು ಅಂತೇನಿಲ್ಲ. ಟೆಸ್ಟ್ ಮಾಡಿಸಬಹುದು, ಪ್ರೀಮಿಯಂ ಏರಿಸಬಹುದು, ಬೇಡ ಅಂತಲೂ ಹೇಳಬಹುದು. ಹಾಗಂತ ಫಾರ್ಮ್‌ನಲ್ಲಿ ಶುಗರ್ ಮುಚ್ಚಿಡಬೇಡಿ, ಕ್ಲೇಮ್ ಹೊತ್ತಿಗೆ ಅದೇ ಕುತ್ತಿಗೆಗೆ ಬರುತ್ತದೆ. ಪ್ರೀಮಿಯಂ ಆಫೀಸಿನದಕ್ಕಿಂತ ಜಾಸ್ತಿಯೇ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಅಷ್ಟೇ ಸಮಾಧಾನ.