ವಂಶದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ, ಮಗಳಿಗೆ ಎಚ್‌ಪಿವಿ ಲಸಿಕೆ ಬೇಕಾ?

12 ವರ್ಷದ ಮಗಳಿಗೆ ಎಚ್‌ಪಿವಿ (ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್) ಲಸಿಕೆ ಹಾಕಿಸಿ ಅಂತ ಡಾಕ್ಟರ್ ಹೇಳಿದ್ದಾರೆ, ಅತ್ತೆ ನೋಡಿದರೆ "ಮದುವೆಯಾಗದ ಹುಡುಗಿಗೆ ಇದೆಲ್ಲ ಯಾಕೆ" ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹಾಕಿಸಿ. ನಾನು ಡಾಕ್ಟರ್ ಅಲ್ಲ, ಉಡುಪಿಯಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೆಯುವವಳು. ಆದರೆ ನಮ್ಮ ಮನೆಯಲ್ಲೂ ಇದೇ ಮಾತಿತ್ತು.

ಕಾಪುವಿನ ನನ್ನ ದೊಡ್ಡಮ್ಮನಿಗೆ ಮುಟ್ಟು ನಿಂತು ಏಳೆಂಟು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿತು. ಯಾರಿಗೂ ಹೇಳಲಿಲ್ಲ. ಉಷ್ಣ ಇರಬೇಕು ಅಂತ ದಿನಕ್ಕೊಂದು ಬೊಂಡ (ಎಳನೀರು) ಕುಡಿದರು. ಹಳೆ ಸೀರೆ ಹರಿದು ಬಟ್ಟೆ ಮಾಡಿಕೊಂಡು, ಒಗೆದು ಬಚ್ಚಲಿನ ಹಿಂದೆ ಒಣಗಿಸುತ್ತಿದ್ದರು. ಸೊಸೆ ಅದನ್ನು ನೋಡಿದಳು, ಹಾಗೆ ಗೊತ್ತಾಯಿತು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ರೇಡಿಯೇಷನ್ ಆಯಿತು, ಈಗ ನಮ್ಮನ್ನೆಲ್ಲ ಬೈಯುವಷ್ಟು ಗಟ್ಟಿಯಾಗಿದ್ದಾರೆ. ಆದರೆ ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸಿನಿಂದ ಬರುತ್ತದೆ ಅಂತ ಕಿವಿಗೆ ಬಿದ್ದದ್ದೇ ತಡ, ನೆಂಟರು ಕೇಳಿದ್ದು, "ಯಜಮಾನರು ಬಾಂಬೆ ಹೋಟೆಲಿನಲ್ಲಿ ಇದ್ದದ್ದಲ್ವಾ?" ಪಾಪ ದೊಡ್ಡಪ್ಪ, ಎಷ್ಟೋ ದಿನ ಯಾವ ಪೂಜೆಗೂ ಹೋಗಲಿಲ್ಲ.

ನಮ್ಮ ವಂಶದಲ್ಲಿಲ್ಲ, ಇದು 'ಅಂಥವರಿಗೆ' ಬರುವ ರೋಗ, ನಮಗಲ್ಲ ಅಂತ ಸುಮ್ನೆ ಧೈರ್ಯವಾಗಿರುತ್ತೇವೆ. ನಿಜ ಏನೆಂದರೆ ಲೈಂಗಿಕ ಸಂಪರ್ಕ ಇರುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಎಚ್‌ಪಿವಿ ಯಾವಾಗಲಾದರೂ ಒಮ್ಮೆ ತಗಲಿರುತ್ತದೆ, ಜೀವನಪೂರ್ತಿ ಒಬ್ಬರೊಂದಿಗೇ ಇದ್ದರೂ ತಗಲಬಹುದು, ಜಾಸ್ತಿ ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ಹಿಂದೆ ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ.

ಲಸಿಕೆ, ಆಗಲೇ ತಗಲಿದ ವೈರಸ್ಸನ್ನು ಓಡಿಸುವುದಿಲ್ಲ. ಅದಕ್ಕೇ ಮದುವೆಗೆ ಎಷ್ಟೋ ಮೊದಲು ಹಾಕಿಸುವುದು. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಸುಮಾರು 70% ಈ ವೈರಸ್ಸಿನ 16 ಮತ್ತು 18 ಎಂಬ ಎರಡು ಬಗೆಗಳಿಂದಲೇ ಬರುತ್ತದೆ, ಲಸಿಕೆ ಅವೆರಡನ್ನೂ ತಡೆಯುತ್ತದೆ. ನಿಮ್ಮ ಮಗಳ ವಯಸ್ಸಿಗೆ ಸಾಮಾನ್ಯವಾಗಿ ಎರಡು ಡೋಸ್, 15 ದಾಟಿದರೆ ಮೂರು ಹೇಳುತ್ತಾರೆ. ಪುಣೆಯ ಸೀರಂ ಕಂಪನಿಯವರ ಸರ್ವಾವ್ಯಾಕ್ ಅಂತ ಎಚ್‌ಪಿವಿ ಲಸಿಕೆ ಬಂದಿದೆ, ವಿದೇಶಿ ಲಸಿಕೆಗಿಂತ ಅಗ್ಗ. ನನ್ನ ಮಗಳಿಗೆ ಒಂದು ದಿನ ತೋಳು ನೋವು ಬಂತು, ಅದೇ ನೆಪದಲ್ಲಿ ಟ್ಯೂಷನ್ ತಪ್ಪಿಸಿದಳು, ಅಷ್ಟೇ.

ನೀವು 30 ದಾಟಿದ್ದರೆ ಅದೇ ದಿನ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಪರೀಕ್ಷೆ) ಬಗ್ಗೆಯೂ ಕೇಳಿ, ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ಪರೀಕ್ಷೆ ಬೇಕೇ ಬೇಕು. ನಾನು ಹೋದದ್ದು 43ಕ್ಕೆ. ಐದು ನಿಮಿಷದ ಕೆಲಸ, ಅದಕ್ಕೆ ಎರಡು ವರ್ಷ ನೆಪ ಹೇಳಿದ್ದೆ.