ಪ್ರಮಾಣವಚನಕ್ಕೆ ಮುನ್ನ ಎಣಿಸಬೇಕಾದ ದಿನಗಳು

ಪ್ರಶ್ನೆ: 2016ರ ಅಕ್ಟೋಬರ್‌ನಲ್ಲಿ ನನಗೆ ಅಮೆರಿಕದ ಗ್ರೀನ್ ಕಾರ್ಡ್ ಸಿಕ್ಕಿತು. ಐದು ವರ್ಷ ತುಂಬಿದಾಗಲೇ ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸು ಬಾರದೆ ಮುಂದೂಡುತ್ತಲೇ ಬಂದೆ. ಈ ವರ್ಷ ಕಾರ್ಡಿನ ಹತ್ತು ವರ್ಷದ ಅವಧಿ ಮುಗಿಯುತ್ತದೆ. ನಡುವೆ ತಾಯಿಯವರ ಶಸ್ತ್ರಚಿಕಿತ್ಸೆಯ ಕಾರಣ 2023ರ ನವೆಂಬರ್ 2ರಂದು ಇಲ್ಲಿಂದ ಹೊರಟು, 2024ರ ಜೂನ್ 12ರಂದು ಮರಳಿದೆ. ಅಷ್ಟೂ ದಿನ ಹಾಸನದಲ್ಲಿದ್ದೆ. ಪತ್ನಿ ಮತ್ತು ಮಕ್ಕಳು ಇಲ್ಲಿಯೇ ಇದ್ದರು. ಈ ಏಳು ತಿಂಗಳು ಅರ್ಜಿಗೆ ಅಡ್ಡಿಯಾದೀತೇ? ಕಾರ್ಡನ್ನು ನವೀಕರಿಸಿಕೊಂಡು ಸುಮ್ಮನಿರುವುದು ಮೇಲೇ? ತಂದೆಯವರ ಹೆಸರಿನಲ್ಲಿ ಮೂರು ಎಕರೆ ತೋಟವಿದೆ. ಪೌರತ್ವ ಬದಲಾದರೆ ಅದು ಕೈತಪ್ಪುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ.
— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಏಳು ತಿಂಗಳ ಮಾತನ್ನೇ ಮೊದಲು ನೋಡೋಣ. ಅಮೆರಿಕದ ಕಾನೂನು ಅರ್ಜಿದಾರರಿಂದ ಎರಡು ಬೇರೆ ಬೇರೆ ಲೆಕ್ಕಗಳನ್ನು ಕೇಳುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಇವೆರಡನ್ನೂ ಕಲಸಿಕೊಂಡು ಗಾಬರಿಯಾಗುತ್ತಾರೆ, ಇಲ್ಲವೇ ಗಾಬರಿಯಾಗಬೇಕಾದ ಕಡೆ ನಿಶ್ಚಿಂತರಾಗಿರುತ್ತಾರೆ. ಮೊದಲನೆಯದು ಬರಿಯ ಎಣಿಕೆ: ಅರ್ಜಿ ಸಲ್ಲಿಸುವ ದಿನದಿಂದ ಹಿಂದಕ್ಕೆ ಐದು ವರ್ಷಗಳಲ್ಲಿ ಒಟ್ಟು 30 ತಿಂಗಳು, ಅಂದರೆ 913 ದಿನ, ನೀವು ಆ ದೇಶದೊಳಗೆ ಇದ್ದಿರಬೇಕು. ಹೊರಟ ದಿನವನ್ನೂ ಮರಳಿದ ದಿನವನ್ನೂ ಅಲ್ಲಿದ್ದ ದಿನಗಳೆಂದೇ ಪರಿಗಣಿಸುವುದರಿಂದ, ಹಾಸನದ ಪ್ರವಾಸದಿಂದ ನಿಮಗೆ ಖರ್ಚಾದದ್ದು 222 ದಿನ. ಉಳಿದಂತೆ ವರ್ಷಕ್ಕೊಮ್ಮೆ ಮೂರು ನಾಲ್ಕು ವಾರ ಬಂದುಹೋಗಿದ್ದರೂ ಈ ಲೆಕ್ಕದಲ್ಲಿ ನಿಮಗೆ ಕೊರತೆಯಿಲ್ಲ.

ತೊಡಕಿರುವುದು ಎರಡನೆಯದರಲ್ಲಿ, ಅಂದರೆ ವಾಸದ ನಿರಂತರತೆಯಲ್ಲಿ. ಒಂದೇ ಪ್ರವಾಸ ಆರು ತಿಂಗಳನ್ನು ಮೀರಿದರೆ ನಿರಂತರತೆ ಮುರಿದಿದೆಯೆಂದು ಕಾನೂನು ಊಹಿಸಿಕೊಳ್ಳುತ್ತದೆ. ಅದು ಒಂದು ವರ್ಷವನ್ನು ಮುಟ್ಟಿದರೆ ಊಹೆಯ ಮಾತೇ ಇಲ್ಲ, ಮುರಿದೇ ಹೋದಂತೆ. ನೀವು ಇವೆರಡರ ನಡುವೆ ಇದ್ದೀರಿ. ಇಲ್ಲಿ ಊಹೆಯನ್ನು ಅಲ್ಲಗಳೆಯಲು ಅವಕಾಶವಿದೆ, ಆದರೆ ಅಲ್ಲಗಳೆಯುವ ಹೊಣೆ ನಿಮ್ಮದೇ. ದೀರ್ಘಕಾಲ ಹೊರಗಿದ್ದು ಮರಳಲು ಮುಂಚೆಯೇ ಪಡೆಯುವ ಅನುಮತಿಪತ್ರ, ಅಂದರೆ ರೀ-ಎಂಟ್ರಿ ಪರ್ಮಿಟ್, ಪಡೆದು ಹೋಗಿದ್ದರೂ ಇದರಿಂದ ಬಿಡುಗಡೆ ಇಲ್ಲ. ಅದು ಗ್ರೀನ್ ಕಾರ್ಡನ್ನು ಕಾಪಾಡುತ್ತದೆಯೇ ಹೊರತು ಪೌರತ್ವದ ಲೆಕ್ಕವನ್ನಲ್ಲ.

ಇಂಥ ಸಂದರ್ಭದಲ್ಲಿ ಬಹಳ ಮಂದಿ ತಾಯಿಯವರ ಆಸ್ಪತ್ರೆಯ ಕಾಗದಗಳ ದಪ್ಪ ಕಟ್ಟನ್ನೇ ಹಿಡಿದು ಸಂದರ್ಶನಕ್ಕೆ ಹೋಗುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅಧಿಕಾರಿ ತೂಗಿ ನೋಡುವುದು ನೀವು ಏಕೆ ಹೋದಿರಿ ಎಂಬುದಕ್ಕಿಂತ, ಹೋಗುವಾಗ ಅಲ್ಲಿ ಏನನ್ನು ಉಳಿಸಿಹೋದಿರಿ ಎಂಬುದನ್ನು. ಅಮೆರಿಕದ ಕೆಲಸವನ್ನು ಬಿಟ್ಟಿರಲಿಲ್ಲ, ಭಾರತದಲ್ಲಿ ಕೆಲಸ ಹಿಡಿಯಲಿಲ್ಲ, ಹತ್ತಿರದ ಕುಟುಂಬ ಅಲ್ಲೇ ಇತ್ತು, ಮನೆ ಕೈಯಲ್ಲೇ ಇತ್ತು: ಈ ನಾಲ್ಕು ಸಂಗತಿಗಳಿಗೆ ಆ ಏಳು ತಿಂಗಳ ದಿನಾಂಕಗಳುಳ್ಳ ಕಾಗದ ಬೇಕು. ಮನೆಸಾಲದ ಕಂತು ಕಟ್ಟಿದ ವಿವರ ಅಥವಾ ಬಾಡಿಗೆ ಕರಾರು, ರಜೆ ಮಂಜೂರು ಮಾಡಿದ ಉದ್ಯೋಗದಾತರ ಪತ್ರ, ಪತ್ನಿಯವರ ಸಂಬಳದ ಚೀಟಿಗಳು, ಮಕ್ಕಳ ಶಾಲೆಯ ಹಾಜರಿ, ನಿವಾಸಿಯೆಂದೇ ಸಲ್ಲಿಸಿದ 2023 ಮತ್ತು 2024ರ ತೆರಿಗೆ ವಿವರಗಳು. ಆ ಅವಧಿಯಲ್ಲಿ ನೀವು ಕೆಲಸಕ್ಕೆ ರಾಜೀನಾಮೆ ಕೊಟ್ಟೇ ಹೋಗಿದ್ದಿರಾದರೆ ನನ್ನ ಸಲಹೆ ಬೇರೆ. ಆಗ ವಾದಕ್ಕೆ ನಿಲ್ಲುವ ಬದಲು, ಹಿಂದಿನ ಐದು ವರ್ಷಗಳ ಒಳಗೆ ಬೀಳುವ ಆ ಪ್ರವಾಸದ ಭಾಗ ಆರು ತಿಂಗಳಿಗಿಂತ ಕಡಿಮೆಯಾಗುವವರೆಗೆ, ಎಂದರೆ 2028ರ ಡಿಸೆಂಬರ್ ಮಧ್ಯ ದಾಟುವವರೆಗೆ, ಕಾದು ಅರ್ಜಿ ಹಾಕುವುದು ಕ್ಷೇಮ. ಅಲ್ಲಿಯವರೆಗೆ ಇನ್ನೊಂದು ದೀರ್ಘ ಪ್ರವಾಸ ಮಾತ್ರ ಬೇಡ.

ಪೌರತ್ವ ಕೋರುವ ಎನ್-400 ಎಂಬ ಅರ್ಜಿಯಲ್ಲಿ ಐದು ವರ್ಷಗಳಲ್ಲಿ 24 ಗಂಟೆ ಮೀರಿದ ಪ್ರತಿಯೊಂದು ವಿದೇಶ ಪ್ರವಾಸವನ್ನೂ ದಿನಾಂಕ ಸಹಿತ ಬರೆಯಬೇಕು. ಪಾಸ್‌ಪೋರ್ಟಿನ ಮೊಹರುಗಳನ್ನು ನೋಡಿ ಬರೆಯುವವರು ಮಾಡುವ ತಪ್ಪು ಒಂದೇ: ಬೆಂಗಳೂರಿನಲ್ಲಿ ಒತ್ತಿದ ಆಗಮನದ ಮೊಹರಿನ ದಿನಾಂಕ ನೀವು ಅಮೆರಿಕವನ್ನು ಬಿಟ್ಟ ದಿನಾಂಕವಲ್ಲ, ಅದಕ್ಕಿಂತ ಒಂದೋ ಎರಡೋ ದಿನ ಹಿಂದಿನದು ಬೇಕು. ಹಳೆಯ ಟಿಕೆಟ್‌ಗಳ ಇಮೇಲ್‌ಗಳನ್ನು ಹುಡುಕಿ ತೆಗೆಯಿರಿ. ಒಂದು ದಿನದ ವ್ಯತ್ಯಾಸಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ, ನಿಜ. ಆದರೆ ಏಳು ತಿಂಗಳ ಪ್ರವಾಸದ ವಿವರಣೆ ಕೊಡಬೇಕಾದವರು ಉಳಿದ ದಿನಾಂಕಗಳಲ್ಲಿ ತಡವರಿಸಬಾರದು.

ಕಾರ್ಡಿನ ಅವಧಿ ಮುಗಿದರೆ ಕಾಯಂ ನಿವಾಸದ ಹಕ್ಕು ಮುಗಿಯುವುದಿಲ್ಲ, ಕೈಯಲ್ಲಿರುವ ಪುರಾವೆ ಹಳತಾಗುತ್ತದೆ ಅಷ್ಟೇ. 2022ರ ಡಿಸೆಂಬರ್ 12ರಿಂದ, ಎನ್-400 ಸಲ್ಲಿಸಿದವರಿಗೆ ಬರುವ ಸ್ವೀಕೃತಿ ಪತ್ರವೇ ಗ್ರೀನ್ ಕಾರ್ಡಿನ ಅವಧಿಯನ್ನು 24 ತಿಂಗಳು ವಿಸ್ತರಿಸುತ್ತದೆ. ಈಗಲೇ ಅರ್ಜಿ ಹಾಕುವುದಾದರೆ ನವೀಕರಣಕ್ಕೆ ಪ್ರತ್ಯೇಕ ಹಣ ತೆರುವ ಅಗತ್ಯವಿಲ್ಲ. 2028ರವರೆಗೆ ಕಾಯುವುದಾದರೆ ನವೀಕರಿಸಲೇಬೇಕು. ಪೌರತ್ವದ ಅರ್ಜಿಗೆ 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಆನ್‌ಲೈನ್‌ನಲ್ಲಿ 710 ಡಾಲರ್, ಕಾಗದದಲ್ಲಿ 760 ಡಾಲರ್.

ಇನ್ನು ಭಾರತದ ಕಡೆಯ ಮಾತು. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ನಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ನಾಗರಿಕರಾಗಿ ಉಳಿಯುವುದಿಲ್ಲ. ಗಮನಿಸಬೇಕಾದದ್ದು ಆ ಗಳಿಗೆಯನ್ನು. ನೀವು ಅರ್ಜಿ ಹಾಕಿದ ದಿನವಲ್ಲ, ಸಂದರ್ಶನದಲ್ಲಿ ಉತ್ತೀರ್ಣರಾದ ದಿನವಲ್ಲ, ಪಾಸ್‌ಪೋರ್ಟನ್ನು ಒಪ್ಪಿಸಿದ ದಿನವೂ ಅಲ್ಲ. ಅಮೆರಿಕದಲ್ಲಿ ಬಲಗೈ ಎತ್ತಿ ಪ್ರಮಾಣವಚನ ಹೇಳಿ ಮುಗಿಸಿದ ದಿನವೇ ಭಾರತದ ಪೌರತ್ವ ಹೋಗುತ್ತದೆ. ನಿಮ್ಮ ಕಪಾಟಿನಲ್ಲಿರುವ ನೀಲಿ ಪಾಸ್‌ಪೋರ್ಟಿಗೆ ಇನ್ನೂ ಆರು ವರ್ಷದ ಅವಧಿ ಇದ್ದರೂ ಆ ಸಂಜೆಯಿಂದ ಅದರಲ್ಲಿ ಪ್ರಯಾಣ ಮಾಡುವುದು ಅಪರಾಧ. ಆಮೇಲಿನ ಕ್ರಮ ಹೀಗೆ: ಪೌರತ್ವದ ಪ್ರಮಾಣಪತ್ರ ತೋರಿಸಿ ಅಮೆರಿಕದ ಪಾಸ್‌ಪೋರ್ಟ್ ಪಡೆಯುವುದು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು, ಬಳಿಕ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡಿಗೆ ಅರ್ಜಿ. ಇವು ಮುಗಿಯಲು ಬೇಕಾಗುವ ವಾರಗಳಲ್ಲಿ ಊರಿನಿಂದ ಕರೆ ಬಂದರೆ ಹೊಸ ಪಾಸ್‌ಪೋರ್ಟಿನ ಮೇಲೆ ಇ-ವೀಸಾ ಪಡೆದು ಹೊರಡಬೇಕಾಗುತ್ತದೆ. ತಾಯಿಯವರ ಆರೋಗ್ಯ ನಾಜೂಕಾಗಿರುವುದರಿಂದ, ಊರಿಗೆ ಒಮ್ಮೆ ಬಂದುಹೋದ ಮೇಲೆಯೇ ಪ್ರಮಾಣವಚನ ಬರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಮಕ್ಕಳು 18ರ ಒಳಗಿದ್ದು, ಗ್ರೀನ್ ಕಾರ್ಡ್ ಹೊಂದಿ ನಿಮ್ಮೊಡನೆಯೇ ಇರುವವರಾದರೆ, ನೀವು ಪ್ರಮಾಣ ಮಾಡಿದ ದಿನವೇ ಅವರೂ ಅಮೆರಿಕದ ಪೌರರಾಗುತ್ತಾರೆ. ಅವರ ಪಾಸ್‌ಪೋರ್ಟ್‌ಗಳ ಕೆಲಸವನ್ನೂ ಜೊತೆಯಲ್ಲೇ ಮುಗಿಸಿ.

ತೋಟದ ವಿಷಯದಲ್ಲಿ ಊರಿನವರು ಹೇಳುವುದು ಅರ್ಧ ಸರಿ, ಅರ್ಧ ತಪ್ಪು. ಕೃಷಿಭೂಮಿ, ತೋಟ ಮತ್ತು ಫಾರ್ಮ್‌ಹೌಸ್‌ಗಳನ್ನು ಓಸಿಐ ಕಾರ್ಡಿನವರು ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ಆದರೆ ವಿದೇಶಿ ವಿನಿಮಯ ಕಾನೂನಿನ ಈ ನಿರ್ಬಂಧ ಅನಿವಾಸಿ ಭಾರತೀಯರಿಗೂ ಉಂಟು, ಆದ್ದರಿಂದ ಇಂದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇರುವ ನಿಮಗೂ ಅದು ಅನ್ವಯಿಸುತ್ತದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಸೆಕ್ಷನ್‌ಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂಬ ಭಾವನೆ ಹರಡಿದೆ. ಅದು ರಾಜ್ಯದ ಕಾನೂನು, ವಿದೇಶದಲ್ಲಿ ನೆಲೆಸಿದವರ ಮೇಲಿನ ಕೇಂದ್ರದ ನಿರ್ಬಂಧವನ್ನು ಅದು ಮುಟ್ಟಿಲ್ಲ. ಉತ್ತರಾಧಿಕಾರದಿಂದ ಬರುವ ಜಮೀನಿಗೆ ಮಾತ್ರ ಅಡ್ಡಿಯಿಲ್ಲ. ತಂದೆಯವರ ಕಾಲಾನಂತರ ವಾರಸುದಾರರಾಗಿ ನಿಮ್ಮ ಹೆಸರು ಪೌತಿ ಖಾತೆಯ ಮೂಲಕ ಪಹಣಿಗೆ ಬರಬಹುದು. ಮಾರುವಾಗ ಭಾರತದಲ್ಲಿ ನೆಲೆಸಿರುವ ಭಾರತದ ನಾಗರಿಕರಿಗೇ ಮಾರಬೇಕು. ಹಾಗಾಗಿ ನಿಮ್ಮ ತಂದೆಯವರು ಈಗ ಪ್ರೀತಿಯಿಂದ ದಾನಪತ್ರ ಮಾಡಿಕೊಡಲು ಮುಂದಾದರೆ ಅದನ್ನು ತಡೆಯಿರಿ, ಅವರು ಉಯಿಲು ಬರೆದಿಡಲಿ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. 2009ರಿಂದ ಗ್ರೀನ್ ಕಾರ್ಡ್ ಇದೆ. ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಪ್ರತಿ ವರ್ಷ ಚಳಿಗಾಲದಲ್ಲಿ ಐದು ತಿಂಗಳು ಮೈಸೂರಿನ ಅಕ್ಕನ ಮನೆಯಲ್ಲಿರುತ್ತಾರೆ. ಅವರಿಗೆ ಪೌರತ್ವ ಸಾಧ್ಯವೇ?
— ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಸಾಧ್ಯ, ಮತ್ತು ಕನ್ನಡದಲ್ಲೇ ಸಾಧ್ಯ. 55 ವರ್ಷ ದಾಟಿದ್ದು 15 ವರ್ಷ ಕಾಯಂ ನಿವಾಸಿಯಾಗಿದ್ದವರಿಗೆ, ಹಾಗೆಯೇ 50 ದಾಟಿದ್ದು 20 ವರ್ಷ ನಿವಾಸಿಯಾಗಿದ್ದವರಿಗೆ, ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಆದರೆ ಅಮೆರಿಕದ ಇತಿಹಾಸ ಮತ್ತು ಆಡಳಿತದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಉತ್ತರಿಸಲೇಬೇಕು. 2025ರ ಅಕ್ಟೋಬರ್ 20ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಹೊಸ ಪರೀಕ್ಷೆ: 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಿರಬೇಕು. 65 ದಾಟಿ 20 ವರ್ಷ ನಿವಾಸಿಯಾಗಿದ್ದವರು 20 ಪ್ರಶ್ನೆಗಳ ಚಿಕ್ಕ ಪಟ್ಟಿಯನ್ನಷ್ಟೇ ಓದಿಕೊಂಡರೆ ಸಾಕು. ಅದರಲ್ಲಿ 10 ಕೇಳಿ 6 ಸರಿಯಿದ್ದರೆ ಉತ್ತೀರ್ಣ. ತಾಯಿಯವರಿಗೆ ಈ ಸೌಲಭ್ಯ ದೊರೆಯುವುದು 2029ರಲ್ಲಿ.

ಕಾಯಬೇಕೇ ಎಂದರೆ, ಅವರ ನೆನಪಿನ ಶಕ್ತಿಯನ್ನು ಬಲ್ಲವರು ನೀವೇ. ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಅಭ್ಯಾಸ ಮಾಡಿಸುವಾಗ ಪಠ್ಯಪುಸ್ತಕದ ಕನ್ನಡ ಬೇಡ. ‘ಪರಮೋಚ್ಚ ಕಾನೂನು ಯಾವುದು’ ಎಂದರೆ ತಬ್ಬಿಬ್ಬಾಗುವ ಹಿರಿಯರು ‘ಈ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಕಾನೂನು ಯಾವುದಮ್ಮಾ’ ಎಂದರೆ ‘ಸಂವಿಧಾನ’ ಎಂದು ಥಟ್ಟನೆ ಹೇಳುತ್ತಾರೆ. ದುಭಾಷಿಯಾಗಿ ಬರುವವರು ಅದೇ ಮಾತನ್ನು ಬಳಸುವಂತೆ ಮೊದಲೇ ಜೊತೆಗೆ ಕೂರಿಸಿ ಮಾತನಾಡಿಸಿ. ಮಗನೋ ಸೊಸೆಯೋ ಆಗುವುದಕ್ಕಿಂತ ಕುಟುಂಬದ ಹೊರಗಿನವರಾದರೆ ಮೇಲು. ದಿನಗಳ ಲೆಕ್ಕದಲ್ಲಿ ತಾಯಿಯವರು ಅಂಚಿನಲ್ಲಿದ್ದಾರೆ: ಐದು ವರ್ಷಗಳ 60 ತಿಂಗಳಲ್ಲಿ 25 ಮೈಸೂರಿಗೆ, 35 ಅಮೆರಿಕಕ್ಕೆ. ಬೇಕಾದದ್ದು 30. ಒಂದು ವರ್ಷ ಅಕ್ಕನ ಮನೆಯ ವಾಸ ಆರು ತಿಂಗಳನ್ನು ಮೀರಿತೆಂದರೆ ನ್ಯೂಜೆರ್ಸಿಯ ಓದುಗರಿಗೆ ಮೇಲೆ ಹೇಳಿದ ತೊಡಕೇ ಎದುರಾಗುತ್ತದೆ.

ಪ್ರಶ್ನೆ: ನನ್ನ ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ. ಹೀಗಾಗಿ ಅಮೆರಿಕದ ದಾಖಲೆಗಳಲ್ಲೆಲ್ಲ ನನ್ನ ಮೊದಲ ಹೆಸರು ‘ಎಫ್‌ಎನ್‌ಯು’, ಅಂದರೆ ‘ಫಸ್ಟ್ ನೇಮ್ ಅನ್‌ನೋನ್’, ಎಂದಿದೆ. ಪೌರತ್ವದ ಸಮಯದಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದೇ?
— ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಊರಿನ ಹೆಸರಿನದೊಂದು, ತಂದೆಯ ಹೆಸರಿನದೊಂದು ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮಲ್ಲಿ ಅನೇಕರು ಆ ದೇಶದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬ ಹೆಸರಿನಿಂದಲೇ ಬಾಳಬೇಕಾಗಿದೆ. ಎನ್-400ರಲ್ಲಿಯೇ ಹೆಸರು ಬದಲಾವಣೆಯನ್ನು ಕೋರಬಹುದು. ಆದರೆ ಅದನ್ನು ಮಂಜೂರು ಮಾಡುವ ಅಧಿಕಾರ ನ್ಯಾಯಾಲಯಕ್ಕಿರುವುದರಿಂದ ನ್ಯಾಯಾಧೀಶರ ಮುಂದೆಯೇ ಪ್ರಮಾಣವಚನ ನಡೆಯಬೇಕು, ಅದರ ಸರದಿಗೆ ಕೆಲವೆಡೆ ಹೆಚ್ಚು ಕಾಯಬೇಕಾಗಬಹುದು. ಹೊಸ ಹೆಸರನ್ನು ಆರಿಸುವಾಗ ಭಾರತದ ಪ್ಯಾನ್, ಬ್ಯಾಂಕ್ ಖಾತೆ, ಕ್ರಯಪತ್ರಗಳಲ್ಲಿರುವ ಹೆಸರಿನಿಂದ ತೀರ ದೂರ ಹೋಗಬೇಡಿ. ಇನಿಷಿಯಲ್ಲನ್ನು ಬಿಡಿಸಿ ತಂದೆಯವರ ಹೆಸರನ್ನೇ ಸರ್‌ನೇಮ್ ಮಾಡಿಕೊಂಡರೆ ಒಂದು ಅಫಿಡವಿಟ್ಟಿನಲ್ಲಿ ಮುಗಿಯುವ ಕೆಲಸ, ಹೊಚ್ಚಹೊಸ ಹೆಸರಿಟ್ಟುಕೊಂಡರೆ ಉಪನೋಂದಣಿ ಕಚೇರಿಯಿಂದ ಬ್ಯಾಂಕಿನವರೆಗೆ ಪ್ರತಿಯೊಂದು ಕಡೆಯೂ ವಿವರಣೆ ಕೊಡುವ ಕೆಲಸವಾಗುತ್ತದೆ. ಹೆಸರು ಬದಲಾದ ಆದೇಶದ ಪ್ರತಿ ಓಸಿಐ ಅರ್ಜಿಗೂ ಬೇಕು.

ಪ್ರಶ್ನೆ: ಚಾಲನಾ ಪರವಾನಗಿ ಪಡೆಯುವಾಗ ಗೊತ್ತಿಲ್ಲದೆ ಮತದಾರರ ನೋಂದಣಿಗೂ ಸಹಿ ಮಾಡಿದ್ದೆನೆಂದು ಈಗ ತಿಳಿಯಿತು. ಮತ ಹಾಕಿಲ್ಲ. ಅರ್ಜಿಯಲ್ಲಿ ಹೇಳಬೇಕೇ?
— ಹೆಸರು ಬೇಡ

ಉತ್ತರ: ಹೇಳಲೇಬೇಕು, ಆದರೆ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣುವ ಮುನ್ನ ಅರ್ಜಿಯನ್ನೇ ಹಾಕಬೇಡಿ. ಪೌರರಲ್ಲದವರು ಮತದಾರರ ಪಟ್ಟಿಗೆ ಸೇರುವುದು ಪೌರತ್ವಕ್ಕಷ್ಟೇ ಅಲ್ಲ, ಗ್ರೀನ್ ಕಾರ್ಡಿಗೇ ಕುತ್ತು ತರಬಲ್ಲದು. ನೀವು ಸಹಿ ಮಾಡಿದ ಮೂಲ ಕಾಗದದಲ್ಲಿ ಪೌರನೆಂಬ ಚೌಕಕ್ಕೆ ಗುರುತು ಹಾಕಿದ್ದೀರೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದರ ಪ್ರತಿಯನ್ನು ಮೊದಲು ತರಿಸಿಕೊಳ್ಳಿ.

ಪ್ರಶ್ನೆ: ನಿವೃತ್ತಿಯ ನಂತರ ಭಾರತಕ್ಕೆ ಮರಳಿದರೆ ಪುನಃ ಭಾರತದ ನಾಗರಿಕನಾಗಬಹುದೇ? ಒಪ್ಪಿಸಿದ ಹಳೆಯ ಪಾಸ್‌ಪೋರ್ಟ್ ಏನಾಗುತ್ತದೆ?
— ಓದುಗರೊಬ್ಬರು, ಇಲಿನಾಯ್

ಉತ್ತರ: ಆಗಬಹುದು. ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲಿ ವಾಸವಾಗಿದ್ದವರು ಪೌರತ್ವ ಕಾಯ್ದೆಯ 5ನೇ ಸೆಕ್ಷನ್ನಿನಡಿ ನೋಂದಣಿಗೆ ಅರ್ಹರು. ಆಗ ಅಮೆರಿಕದ ಪೌರತ್ವವನ್ನು ಬಿಡಬೇಕಾಗುತ್ತದೆ. ಅಲ್ಲಿಯವರೆಗೆ ಓಸಿಐ ಕಾರ್ಡಿನವರಿಗೆ ಇಲ್ಲಿ ಮತದ ಹಕ್ಕಾಗಲಿ, ಚುನಾವಣೆಗೆ ನಿಲ್ಲುವ ಹಕ್ಕಾಗಲಿ ಇರುವುದಿಲ್ಲ. ಹಳೆಯ ಪಾಸ್‌ಪೋರ್ಟ್ ರದ್ದಾದ ಮುದ್ರೆಯೊಂದಿಗೆ ನಿಮಗೇ ವಾಪಸ್ ಬರುತ್ತದೆ. ಓಸಿಐ ಅರ್ಜಿಯ ಜೊತೆ ಅದರ ಪ್ರತಿಯನ್ನು ಕೇಳುತ್ತಾರೆ, ಆದ್ದರಿಂದ ಸರೆಂಡರ್ ಸರ್ಟಿಫಿಕೇಟನ್ನು ಅದರೊಳಗೇ ಮಡಿಸಿಡಿ.